ಮುಂಬೈ, ಪುಣೆ, ಗೋವಾದಲ್ಲಿ ಕೆಲಸದ ಜಾಗದ ಕಿರುಕುಳ, ತಾರತಮ್ಯ: ದೂರು ಎಲ್ಲಿ ಕೊಡಬೇಕು, ಹೇಗೆ ಕೊಡಬೇಕು

ಕೆಲಸದ ಜಾಗದಲ್ಲಿ ಒಬ್ಬ ಮೈ ಮುಟ್ಟಿದ, ಇನ್ನೊಬ್ಬ ಜಾತಿ ಎತ್ತಿ ಬೈದ, ಬಸುರಿ ಅಂತ ಗೊತ್ತಾದ ಕೂಡಲೇ ಕಂಪನಿ ಕೆಲಸದಿಂದ ತೆಗೆಯಿತು. ಕೇಳಿದವರು ‘ಸರ್ಕಾರಕ್ಕೆ ದೂರು ಕೊಡಿ’ ಅಂತ ಹೇಳಿ ಹೋಗುತ್ತಾರೆ. ಯಾವ ಆಫೀಸಿಗೆ? ಇಂಥ ಎಲ್ಲ ದೂರುಗಳನ್ನೂ ತೆಗೆದುಕೊಳ್ಳುವ ಒಂದೇ ಕಚೇರಿ ನಮ್ಮ ದೇಶದಲ್ಲಿಲ್ಲ. ಹೆಂಗಸರ ಮೇಲಿನ ಲೈಂಗಿಕ ಕಿರುಕುಳಕ್ಕೆ ಒಂದು ದಾರಿ, ಜಾತಿ ನಿಂದನೆಗೆ ಇನ್ನೊಂದು, ಸಂಬಳದ ತಾರತಮ್ಯಕ್ಕೆ ಮತ್ತೊಂದು. ಜೊತೆಗೆ ಮುಂಬೈಯಲ್ಲಿ ಜಿಲ್ಲೆಗಳ ಗಡಿಯ ಗೊಂದಲ, ಆಫೀಸುಗಳಲ್ಲಿ ಮರಾಠಿ ಫಾರಂ.

ಹಿಂಜವಡಿಯ ಐಟಿ ಕಂಪನಿಗಳಲ್ಲಿರುವವರು, ಮುಂಬೈಯ ಉಡುಪಿ ಹೋಟೆಲುಗಳಲ್ಲಿ ದುಡಿಯುವವರು, ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಪುಣೆಗೆ ಬಂದು ಕಟ್ಟಡದ ಕೆಲಸ, ಮನೆಗೆಲಸ ಮಾಡುವವರು, ವಾಸ್ಕೋ ಸುತ್ತಮುತ್ತ ಕೂಲಿಗೆ ಹೋಗುವವರು. ಇದು ಇವರೆಲ್ಲರಿಗಾಗಿ ಬರೆದದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕಾನೂನುಗಳು ತಾವಾಗಿ ಓಡುವುದಿಲ್ಲ. ಅಧಿಕಾರಿಯೊಬ್ಬರು ನಿಮ್ಮ ಹೋಟೆಲಿಗೋ ಆಫೀಸಿಗೋ ಬಂದು ‘ಏನಮ್ಮ, ತೊಂದರೆ ಇದೆಯಾ’ ಅಂತ ಕೇಳುವುದು ಅಪರೂಪ. ತಾರೀಖು ಹಾಕಿದ ಕಾಗದ ಒಳಗೆ ಹೋಗಿ, ಅದರ ಪೋಚ್ ನಿಮ್ಮ ಕೈಗೆ ಬಂದ ಮೇಲೆಯೇ ಕಮಿಟಿ, ಮಾಲೀಕರು, ಅಧಿಕಾರಿಗಳ ಗಡುವು ಶುರುವಾಗುವುದು. ಪೋಚ್ ಅಂದರೆ ಕಾಗದ ತಲುಪಿತು ಎನ್ನುವ ಸಹಿ ಮತ್ತು ಮೊಹರು. ಮುಂದೆ ಈ ಮಾತು ಮತ್ತೆ ಮತ್ತೆ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಹೆಜ್ಜೆ 1: ನಿಮ್ಮದು ಯಾವ ದಾರಿ?

ತೊಂದರೆ ಆದದ್ದು ಹೆಂಗಸಿಗೆ, ಅದು ಲೈಂಗಿಕ ಸ್ವರೂಪದ್ದು ಅಂತಾದರೆ 2013ರ ಕಾಯ್ದೆ ಅನ್ವಯಿಸುತ್ತದೆ. ಜನರ ಬಾಯಲ್ಲಿ ಅದು ಪಾಶ್ ಕಾಯ್ದೆ. ಮುಟ್ಟುವುದಷ್ಟೇ ಇದರಲ್ಲಿ ಬರುವುದಲ್ಲ. ಬೇಡದ ಮಾತು, ಅಶ್ಲೀಲ ಚಿತ್ರ ಕಳಿಸುವುದು, ‘ಹೇಳಿದ ಹಾಗೆ ಕೇಳಿದರೆ ಬಡ್ತಿ’ ಎನ್ನುವುದು, ಕೇಳದಿದ್ದಕ್ಕೆ ಕೆಲಸದಲ್ಲಿ ಕಾಟ ಕೊಡುವುದು, ಎಲ್ಲವೂ ಬರುತ್ತವೆ. ಕಾಯಂ ನೌಕರಿ ಇರಬೇಕೆಂದಿಲ್ಲ. ದಿನಗೂಲಿಯವರು, ಗುತ್ತಿಗೆಯವರು, ಮುಕಾದಮನ (ಕೂಲಿಯಾಳು ಒದಗಿಸುವ ಮೇಸ್ತ್ರಿಯ) ಮೂಲಕ ಬಂದವರು, ಟ್ರೇನಿಗಳು, ಸಂಬಳವಿಲ್ಲದೆ ಕೆಲಸ ಮಾಡುವವರು, ಮನೆಗೆಲಸದವರು, ಎಲ್ಲರೂ ಇದರೊಳಗೇ. ಕೆಲಸದ ಜಾಗ ಅಂದರೆ ನಾಲ್ಕು ಗೋಡೆಯೂ ಅಲ್ಲ. ಕಂಪನಿ ಕೊಟ್ಟ ಕ್ಯಾಬ್, ಕೆಲಸದ ಮೇಲೆ ಹೋದ ಊರು, ನೀವು ಪಾತ್ರೆ ತೊಳೆಯಲು ಹೋಗುವ ಮನೆ, ಇವೂ ಲೆಕ್ಕಕ್ಕೆ ಬರುತ್ತವೆ.

ಗಂಡಸರಿಗೆ ಈ ಕಾಯ್ದೆ ಇಲ್ಲ. ಅವರು ಕಂಪನಿಯ ನಿಯಮದ ಪ್ರಕಾರ ದೂರು ಕೊಡಬೇಕು, ಹೊಡೆತ ಬೆದರಿಕೆ ಇದ್ದರೆ ಪೊಲೀಸರ ಹತ್ತಿರ ಹೋಗಬೇಕು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ 2019ರ ಪ್ರತ್ಯೇಕ ಕಾಯ್ದೆ ಇದೆ. ಅದರ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಒಬ್ಬ ದೂರು ಅಧಿಕಾರಿ ಇರಬೇಕು.

ಜಾತಿ, ಸಂಬಳ, ಹೆರಿಗೆ, ಅಂಗವೈಕಲ್ಯದ ವಿಷಯ ಹೆಜ್ಜೆ 9ರಲ್ಲಿದೆ. ನಿಮಗೆ ಬೇಕಾದದ್ದು ಅದೇ ಆದರೆ ನೇರ ಅಲ್ಲಿಗೆ ಹೋಗಿ. ಆದರೆ ಪುರಾವೆ ಮತ್ತು ಅರ್ಜಿಯ ಬಗ್ಗೆ ಬರೆದದ್ದನ್ನು ಬಿಡಬೇಡಿ.

ಹೆಜ್ಜೆ 2: ತಲೆ ಎಣಿಸಿ, ಜಿಲ್ಲೆ ನೋಡಿ

10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಮಾಲೀಕರು ಆಂತರಿಕ ಕಮಿಟಿ ಮಾಡಲೇಬೇಕು. ಅದರ ಅಧ್ಯಕ್ಷೆ ಹಿರಿಯ ಹುದ್ದೆಯ ಹೆಂಗಸಾಗಿರಬೇಕು, ಸದಸ್ಯರಲ್ಲಿ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಹೆಂಗಸರಿರಬೇಕು, ಒಬ್ಬರು ಹೊರಗಿನವರಿರಬೇಕು. ಪುಣೆಯಲ್ಲೊಂದು, ಮುಂಬೈಯಲ್ಲೊಂದು ಆಫೀಸಿದ್ದರೆ ಎರಡು ಕಡೆಯೂ ಕಮಿಟಿ ಬೇಕು.

‘ನಮ್ಮಲ್ಲಿ ಹೆಂಗಸರು ಇಬ್ಬರೇ, ಕಮಿಟಿ ಯಾಕೆ’ ಅನ್ನುವ ಮಾತು ಹೋಟೆಲುಗಳಲ್ಲಿ ಬರುತ್ತದೆ. ಅದು ಸರಿಯಲ್ಲ. 10 ಅನ್ನುವುದು ಒಟ್ಟು ತಲೆ ಲೆಕ್ಕ. ಅಡುಗೆಭಟ್ಟರು, ಸಪ್ಲೈಯರ್‌ಗಳು, ಕ್ಲೀನರ್‌ಗಳು, ಗುತ್ತಿಗೆಯವರು, ಎಲ್ಲರನ್ನೂ ಸೇರಿಸಿ ಎಣಿಸಿ.

10ಕ್ಕಿಂತ ಕಡಿಮೆ ಇದ್ದರೆ, ಅಥವಾ ಕಿರುಕುಳ ಕೊಟ್ಟವನು ಮಾಲೀಕನೇ ಆಗಿದ್ದರೆ, ದೂರು ಜಿಲ್ಲೆಯ ಸ್ಥಳೀಯ ಕಮಿಟಿಗೆ ಹೋಗುತ್ತದೆ. ಮನೆಗೆಲಸದವರ ದೂರೂ ಅಲ್ಲಿಗೇ. ಈ ಕಮಿಟಿಯನ್ನು ಮಾಡುವುದು ಜಿಲ್ಲಾ ಅಧಿಕಾರಿ, ಅಂದರೆ ಕಲೆಕ್ಟರ್, ಅಥವಾ ಸರ್ಕಾರ ಗೊತ್ತು ಮಾಡಿದ ಡೆಪ್ಯುಟಿ ಕಲೆಕ್ಟರ್‌ನಂಥ ಇನ್ನೊಬ್ಬ ಅಧಿಕಾರಿ.

ಈಗ ಜಿಲ್ಲೆ. ನೀವು ವಾಸ ಮಾಡುವ ಜಿಲ್ಲೆ ಅಲ್ಲ, ಕೆಲಸದ ಜಾಗ ಇರುವ ಜಿಲ್ಲೆ. ಡೊಂಬಿವಲಿಯಿಂದ ದಿನಾ ಅಂಧೇರಿಗೆ ಲೋಕಲ್ ಹಿಡಿಯುವವರು ಠಾಣೆಯ ಕಲೆಕ್ಟರ್ ಆಫೀಸಿಗೆ ಹೋಗಿ ಪ್ರಯೋಜನವಿಲ್ಲ. ಮುಂಬೈ ಎರಡು ಜಿಲ್ಲೆ. ಕೊಲಾಬಾದಿಂದ ಮಾಹಿಮ್, ಸಯನ್ ತನಕ ಮುಂಬೈ ನಗರ ಜಿಲ್ಲೆ. ಅದರ ಕಲೆಕ್ಟರ್ ಕಚೇರಿ ಫೋರ್ಟ್‌ನ ಓಲ್ಡ್ ಕಸ್ಟಮ್ ಹೌಸ್‌ನಲ್ಲಿದೆ. ಬಾಂದ್ರಾ, ಕುರ್ಲಾದಿಂದ ಆಚೆ ದಹಿಸರ್, ಮುಲುಂಡ್ ತನಕ ಮುಂಬೈ ಉಪನಗರ ಜಿಲ್ಲೆ, ಕಚೇರಿ ಬಾಂದ್ರಾ ಪೂರ್ವದಲ್ಲಿ. ಠಾಣೆ, ಮೀರಾ-ಭಾಯಂದರ್, ಕಲ್ಯಾಣ್ ಅಷ್ಟೇ ಅಲ್ಲ, ವಾಶಿ, ನೆರೂಲ್, ಐರೋಲಿ ಕೂಡ ಠಾಣೆ ಜಿಲ್ಲೆ. ಖಾರ್‌ಘರ್, ಪನ್ವೇಲ್ ರಾಯಗಡ ಜಿಲ್ಲೆ, ಅದರ ಕಲೆಕ್ಟರ್ ಇರುವುದು ದೂರದ ಅಲಿಬಾಗ್‌ನಲ್ಲಿ. ವಸಯಿ-ವಿರಾರ್ ಪಾಲ್‌ಘರ್ ಜಿಲ್ಲೆ. ಹಿಂಜವಡಿ ಪುಣೆ ಜಿಲ್ಲೆಯದ್ದೇ, ಆದರೆ ಪೊಲೀಸ್ ವಿಷಯಕ್ಕೆ ಅದು ಪಿಂಪ್ರಿ-ಚಿಂಚವಡ್ ಕಮಿಷನರೇಟಿಗೆ ಸೇರುತ್ತದೆ. ವಾಸ್ಕೋ ದಕ್ಷಿಣ ಗೋವಾ, ಕಲೆಕ್ಟರ್ ಕಚೇರಿ ಮಡಗಾಂವ್‌ನಲ್ಲಿ.

ಅಲಿಬಾಗ್ ತನಕ ಹೋಗಲು ಆಗದಿದ್ದರೆ? ಪ್ರತಿ ತಾಲೂಕು, ವಾರ್ಡ್‌ಗೆ ಒಬ್ಬ ನೋಡಲ್ ಅಧಿಕಾರಿ ಇರಬೇಕು ಅಂತ ಕಾಯ್ದೆಯಲ್ಲೇ ಇದೆ. ಅವರು ದೂರು ತೆಗೆದುಕೊಂಡು 7 ದಿನದೊಳಗೆ ಸ್ಥಳೀಯ ಕಮಿಟಿಗೆ ಕಳಿಸಬೇಕು. ಮಹಾರಾಷ್ಟ್ರದಲ್ಲಿ ಇದನ್ನೆಲ್ಲ ವಿಚಾರಿಸಬೇಕಾದದ್ದು ಜಿಲ್ಲಾ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಅಧಿಕಾರಿಯ ಕಚೇರಿಯಲ್ಲಿ.

ಹೆಜ್ಜೆ 3: ಇವತ್ತೇ ಬರೆದಿಡಿ

ದೂರು ಕೊಡುತ್ತೀರೋ ಇಲ್ಲವೋ, ಆಮೇಲೆ ತೀರ್ಮಾನಿಸಿ. ಬರೆದಿಡುವುದನ್ನು ಮಾತ್ರ ಇವತ್ತೇ ಮಾಡಿ. ತಾರೀಖು, ಹೊತ್ತು, ಜಾಗ, ಯಾರು ಏನು ಮಾಡಿದರು, ನೀವೇನು ಮಾಡಿದಿರಿ, ಸುತ್ತ ಯಾರಿದ್ದರು. ಕನ್ನಡದಲ್ಲೇ ಬರೆಯಿರಿ. ಆದರೆ ಅವನು ಹಿಂದಿಯಲ್ಲಿ ಅಂದದ್ದನ್ನು ಹಿಂದಿಯಲ್ಲೇ, ತುಳುವಿನಲ್ಲಿ ಅಂದದ್ದನ್ನು ತುಳುವಿನಲ್ಲೇ ಇಡಿ. ಕೆಟ್ಟ ಮಾತು ಅಂತ ಸಂಕೋಚಪಟ್ಟು ‘ಅಸಭ್ಯವಾಗಿ ಮಾತನಾಡಿದರು’ ಅಂತ ಬರೆದರೆ ವಿಚಾರಣೆಯಲ್ಲಿ ಅದಕ್ಕೆ ತೂಕವೇ ಇರುವುದಿಲ್ಲ.

ವಾಟ್ಸಾಪ್ ಮೆಸೇಜ್ ಇದ್ದರೆ ಸ್ಕ್ರೀನ್‌ಶಾಟ್ ಸಾಲದು. ಮೂಲ ಮೆಸೇಜ್ ಅಳಿಸಬೇಡಿ, ಫೋನ್ ಮಾರಬೇಡಿ. ನಂಬರ್ ಮತ್ತು ತಾರೀಖು ಕಾಣುವ ಹಾಗೆ ಚಿತ್ರ ತೆಗೆದು ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ. ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇಟ್ಟರೆ, ಕೆಲಸ ಬಿಟ್ಟ ದಿನ ಅದೂ ಕೈ ತಪ್ಪುತ್ತದೆ. ಸಿಸಿಟಿವಿ ರೆಕಾರ್ಡಿಂಗ್ ಬೇಗ ಅಳಿಸಿಹೋಗುತ್ತದೆ. ‘ಇಂಥ ದಿನದ, ಇಂಥ ಹೊತ್ತಿನ ದೃಶ್ಯ ಕಾಪಾಡಿ’ ಅಂತ ಒಂದು ಸಾಲಿನ ಮೇಲ್ ಕೂಡಲೇ ಹಾಕಿ. ನೀವು ಕೆಲಸಕ್ಕಿದ್ದದ್ದಕ್ಕೆ ಗುರುತಿನ ಚೀಟಿ, ಹಾಜರಿ ಪುಸ್ತಕದ ಫೋಟೋ, ಸಂಬಳ ಬಂದ ಬ್ಯಾಂಕ್ ಎಂಟ್ರಿ, ಏನಿದೆಯೋ ಅದು. ಕೈಯಲ್ಲಿ ನಗದು ತೆಗೆದುಕೊಳ್ಳುವ ಮನೆಗೆಲಸದವರಿಗೆ ಸೊಸೈಟಿ ಗೇಟಿನ ಎಂಟ್ರಿ ಪುಸ್ತಕ ಅಥವಾ ಗೇಟ್ ಆ್ಯಪ್‌ನ ದಾಖಲೆಯೇ ಒಳ್ಳೆಯ ಪುರಾವೆ.

ಹೆಜ್ಜೆ 4: ಮೂರು ತಿಂಗಳು ಮುಗಿಯಲು ಬಿಡಬೇಡಿ

ಘಟನೆ ಆದ ದಿನದಿಂದ 3 ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಹೋಗಬೇಕು. ಮೇಲಿಂದ ಮೇಲೆ ಆಗಿದ್ದರೆ ಕೊನೆಯ ಘಟನೆಯಿಂದ ಎಣಿಸಿ. ತಡವಾದದ್ದಕ್ಕೆ ಕಾರಣ ಸರಿ ಅನ್ನಿಸಿದರೆ ಕಮಿಟಿ ಅದನ್ನು ಬರೆದಿಟ್ಟು ಇನ್ನೂ 3 ತಿಂಗಳು ಕೊಡಬಹುದು. ಅದು ಅವರ ಕೈಯಲ್ಲಿದೆ, ನಿಮ್ಮ ಹಕ್ಕಲ್ಲ. ಕೆಲಸ ಬಿಟ್ಟವರೂ ಗಡುವಿನೊಳಗೆ ದೂರು ಕೊಡಬಹುದು.

ನಮ್ಮವರ ಗಡುವು ಕಳೆದುಹೋಗುವ ರೀತಿಯೇ ಬೇರೆ. ಹೋಟೆಲಿನ ಮಾಲೀಕರು, ಮ್ಯಾನೇಜರು, ಕೆಲಸದ ಹುಡುಗಿ, ಹಲವು ಸಲ ಒಂದೇ ತಾಲೂಕಿನವರು. ವಿಷಯ ಹೊರಬಿದ್ದ ಕೂಡಲೇ ಊರಿನ ಹಿರಿಯರೊಬ್ಬರು, ಇಲ್ಲವೇ ಸಂಘದ ಪದಾಧಿಕಾರಿಯೊಬ್ಬರು ನಡುವೆ ಬರುತ್ತಾರೆ. ‘ಪರಊರಲ್ಲಿ ನಮ್ಮ ಮಾನ ಹೋಗುತ್ತದೆ ತಂಗಿ, ನಾವು ಕೂತು ಬಗೆಹರಿಸೋಣ’ ಅನ್ನುತ್ತಾರೆ. ಅವರ ಮನಸ್ಸು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಗಣೇಶನ ಹಬ್ಬ ಮುಗಿಯಲಿ, ಮಾಲೀಕರು ಊರಿಂದ ಬರಲಿ, ಮ್ಯಾನೇಜರ ಮಗಳ ಮದುವೆ ಕಳೆಯಲಿ, ಅಂತ ಮಾತುಕತೆ ಮುಂದೆ ಹೋಗುತ್ತದೆ. ಕೊನೆಗೆ ಹುಡುಗಿಯನ್ನೇ ಇನ್ನೊಂದು ಬ್ರಾಂಚಿಗೆ ಕಳಿಸುತ್ತಾರೆ. ಅಷ್ಟು ಹೊತ್ತಿಗೆ ಮೂರು ತಿಂಗಳು ಆಗಿರುತ್ತದೆ.

ಹಿರಿಯರ ಮಾತು ಕೇಳಬೇಕು ಅನ್ನಿಸಿದರೆ ಕೇಳಿ. ದೂರು ಮಾತ್ರ ಕೊಟ್ಟಿಟ್ಟು ಆಮೇಲೆ ಮಾತಿಗೆ ಕೂಡಿ. ರಾಜಿಗೆ ಕಾಯ್ದೆಯೊಳಗೇ ಜಾಗ ಇದೆ, ಹೆಜ್ಜೆ 6ರಲ್ಲಿ ನೋಡಿ.

ಹೆಜ್ಜೆ 5: ಅರ್ಜಿ ಬರೆದು ಪೋಚ್ ತೆಗೆದುಕೊಳ್ಳುವುದು

ಕಾನೂನಿನ ಭಾಷೆ ಬೇಡ. ಕಲಂ ನಂಬರುಗಳೂ ಬೇಡ. ನಡೆದದ್ದು ನಡೆದ ಕ್ರಮದಲ್ಲಿ ಇದ್ದರೆ ಸಾಕು. ಹೀಗೆ:

‘ನಾನು ಈ ಹೋಟೆಲಿನ ಕ್ಯಾಶ್ ಕೌಂಟರ್‌ನಲ್ಲಿ ಒಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಆಗಸ್ಟ್ 4, ಸೋಮವಾರ ರಾತ್ರಿ ಸುಮಾರು 10:30ಕ್ಕೆ ಲೆಕ್ಕ ಮುಗಿಸುತ್ತಿದ್ದಾಗ ಮ್ಯಾನೇಜರ್ (ಹೆಸರು) ಹಿಂದಿನಿಂದ ಬಂದು ನನ್ನ ಸೊಂಟದ ಮೇಲೆ ಕೈ ಇಟ್ಟರು. ನಾನು ಕೈ ತಳ್ಳಿ ಸರಿದು ನಿಂತೆ. ಅವರು (ಆಡಿದ ಮಾತು, ಆಡಿದ ಭಾಷೆಯಲ್ಲೇ) ಎಂದರು. ಆಗ ಅಡುಗೆಮನೆಯ ಬಾಗಿಲಲ್ಲಿ (ಹೆಸರು) ಇದ್ದರು. ಇದಕ್ಕೆ ಮುಂಚೆ ಜುಲೈ 19ರಂದೂ ಇಂಥದ್ದೇ ನಡೆದಿತ್ತು. ಆಗಸ್ಟ್ 5ರಿಂದ ನನಗೆ ಬರೀ ರಾತ್ರಿ ಪಾಳಿ ಹಾಕುತ್ತಿದ್ದಾರೆ. ವಿಚಾರಣೆ ಮುಗಿಯುವ ತನಕ ಅವರನ್ನು ಬೇರೆ ಬ್ರಾಂಚಿಗೆ ಕಳಿಸಬೇಕು, ಅಥವಾ ನನಗೆ ರಜೆ ಕೊಡಬೇಕು ಎಂದು ಕೇಳಿಕೊಳ್ಳುತ್ತೇನೆ.’

ಕೊನೆಯ ವಾಕ್ಯವನ್ನು ಜನ ಮರೆಯುತ್ತಾರೆ. ವಿಚಾರಣೆ ನಡೆಯುವಾಗ ಇಬ್ಬರಲ್ಲಿ ಒಬ್ಬರ ವರ್ಗಾವಣೆ, ನಿಮಗೆ 3 ತಿಂಗಳ ತನಕ ಹೆಚ್ಚುವರಿ ರಜೆ, ನಿಮ್ಮ ಕೆಲಸದ ವರದಿಯನ್ನು ಅವನು ಬರೆಯದ ಹಾಗೆ ತಡೆ, ಇವೆಲ್ಲ ಸಿಗಬಹುದು. ಆದರೆ ನೀವು ಬರೆದು ಕೇಳಿದರೆ ಮಾತ್ರ.

ಬರೆಯಲು ಬಾರದಿದ್ದರೆ ಬರೆದುಕೊಡಲು ಸಹಾಯ ಮಾಡುವುದು ಕಮಿಟಿಯ ಕರ್ತವ್ಯ. ಕಾಯ್ದೆಯ 9ನೇ ಕಲಂನಲ್ಲೇ ಅದಿದೆ. ಕನ್ನಡದಲ್ಲಿ ಬರೆದ ಅರ್ಜಿಗೆ ಮರಾಠಿ, ಹಿಂದಿ ಅಥವಾ ಇಂಗ್ಲಿಷ್ ಅನುವಾದ ಸೇರಿಸಿ, ಇಲ್ಲದಿದ್ದರೆ ಅದು ಮೇಜಿನ ಮೇಲೆ ಸುಮ್ನೆ ಬಿದ್ದಿರುತ್ತದೆ. ಅನುವಾದ ಮಾಡಿಸುವಾಗ ನಂಬಿಕೆಯ ಒಬ್ಬರನ್ನೇ ಹಿಡಿಯಿರಿ. ಅರ್ಜಿಯ ಫೋಟೋ ಯಾವ ವಾಟ್ಸಾಪ್ ಗುಂಪಿಗೂ ಹೋಗಬಾರದು. ದೂರಿನ ವಿವರ, ಹೆಸರುಗಳು ಗುಟ್ಟಾಗಿರಬೇಕು ಅಂತ ಕಾಯ್ದೆ ಹೇಳುತ್ತದೆ.

ದೂರು, ಅದರ ಪುರಾವೆ, ಸಾಕ್ಷಿಗಳ ಹೆಸರು ವಿಳಾಸ, ಇವುಗಳ 6 ಪ್ರತಿ ಕೊಡಬೇಕು. ನಿಮಗಾಗಿ ಏಳನೆಯದೊಂದು ಮಾಡಿಸಿಕೊಳ್ಳಿ. ಆ ಪ್ರತಿಯ ಮೇಲೆಯೇ ಪೋಚ್ ಬೇಕು: ತಾರೀಖು, ಸಹಿ, ಮೊಹರು. ಸರ್ಕಾರಿ ಕಚೇರಿಯಾದರೆ ಆವಕ ನಂಬರ್ ಕೂಡ, ಅಂದರೆ ಒಳಬಂದ ಕಾಗದಕ್ಕೆ ಅವರ ಪುಸ್ತಕದಲ್ಲಿ ಹಾಕುವ ನಂಬರ್. ‘ಸಾಹೇಬರು ಇಲ್ಲ, ನಾಳೆ ಬನ್ನಿ’ ಅಂದರೆ ವಾದ ಬೇಡ. ಪೋಸ್ಟ್ ಆಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ, ಮೇಲ್ ಕೂಡ ಹಾಕಿ. ಕಂಪನಿಯ ಕಮಿಟಿಗೆ ಕೊಡುವಾಗ ಎಚ್ಆರ್‌ಗೆ ಬಾಯಲ್ಲಿ ಹೇಳಿದ್ದನ್ನು ದೂರು ಅಂದುಕೊಳ್ಳಬೇಡಿ. ಅಧ್ಯಕ್ಷೆಯ ಹೆಸರಿಗೇ ಬರೆಯಿರಿ. ಕಮಿಟಿಯ ಆದೇಶವನ್ನು ಎಲ್ಲರಿಗೂ ಕಾಣುವ ಕಡೆ ಹಾಕಬೇಕು ಅಂತ ನಿಯಮ ಇದೆ, ಹಾಗಾಗಿ ಹೆಸರು ಕೇಳುವುದು ದೊಡ್ಡ ವಿಷಯವಲ್ಲ.

ಆನ್‌ಲೈನ್ ದಾರಿಯೂ ಇದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಶೀ-ಬಾಕ್ಸ್ ಪೋರ್ಟಲ್ 2017ರಲ್ಲಿ ಬಂತು, 2024ರ ಆಗಸ್ಟ್‌ನಲ್ಲಿ ಹೊಸ ರೂಪ ಪಡೆಯಿತು. ಸರ್ಕಾರಿ, ಖಾಸಗಿ, ಅಸಂಘಟಿತ ಕೆಲಸದವರು ಎಲ್ಲರೂ ಅಲ್ಲಿ ದೂರು ಹಾಕಬಹುದು. ಅದು ಸಂಬಂಧಪಟ್ಟ ಕಮಿಟಿಗೆ ಹೋಗುತ್ತದೆ, ಎಲ್ಲಿಗೆ ಬಂತು ಅಂತ ನೋಡುತ್ತಿರಬಹುದು. ವಿಚಾರಣೆ ಪೋರ್ಟಲ್ ಮಾಡುವುದಿಲ್ಲ, ಅದೇ ಕಮಿಟಿ ಮಾಡುತ್ತದೆ. ನನ್ನ ಸಲಹೆ, ಎರಡೂ ಮಾಡಿ.

ಐಟಿಯವರಿಗೆ ಒಂದು ವಿಷಯ. ಕಾಟ ಕೊಟ್ಟವನು ನಿಮ್ಮ ಕಂಪನಿಯವನಲ್ಲ, ಕ್ಲೈಂಟ್ ಕಡೆಯವನು ಅಂದುಕೊಳ್ಳಿ. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಸರ್ಕಾರಿ ಪ್ರಕರಣದಲ್ಲಿ ಇದೇ ಪ್ರಶ್ನೆ ನೋಡಿತು. ಆರೋಪಿ ಬೇರೆ ಇಲಾಖೆಯವನಾದರೂ ಹೆಂಗಸು ತನ್ನ ಕೆಲಸದ ಜಾಗದ ಕಮಿಟಿಗೇ ದೂರು ಕೊಡಬಹುದು ಅಂತ ಹೇಳಿತು.

ಹೆಜ್ಜೆ 6: ವಿಚಾರಣೆಯಲ್ಲಿ ಏನಾಗುತ್ತದೆ

ದೂರು ಬಂದ 7 ಕೆಲಸದ ದಿನದೊಳಗೆ ಒಂದು ಪ್ರತಿ ಆರೋಪಿಗೆ ಹೋಗುತ್ತದೆ. ಅವನು 10 ಕೆಲಸದ ದಿನದೊಳಗೆ ಉತ್ತರ ಕೊಡಬೇಕು. 90 ದಿನದೊಳಗೆ ವಿಚಾರಣೆ ಮುಗಿಯಬೇಕು, ಆಮೇಲೆ 10 ದಿನದಲ್ಲಿ ವರದಿ, ವರದಿ ಕೈಸೇರಿದ 60 ದಿನದಲ್ಲಿ ಮಾಲೀಕರ ಕ್ರಮ. ಈ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ವಿಚಾರಣೆಗೆ ವಕೀಲರನ್ನು ಕರೆದುಕೊಂಡು ಹೋಗುವಂತಿಲ್ಲ, ಅವನಿಗೂ ಅದೇ ನಿಯಮ. ಸರಿಯಾದ ಕಾರಣವಿಲ್ಲದೆ ಸತತ ಮೂರು ಸಲ ಹೋಗದಿದ್ದರೆ ಕಮಿಟಿ ದೂರನ್ನು ಮುಗಿಸಿಬಿಡಬಹುದು. ಮರಾಠಿ, ಇಂಗ್ಲಿಷ್ ಕಷ್ಟವಾದರೆ ಕನ್ನಡ ಬಲ್ಲವರೊಬ್ಬರು ಬೇಕು ಅಂತ ಮೊದಲೇ ಬರೆದುಕೊಡಿ. ಓದಿ ತಿಳಿಯದೆ ಯಾವ ಹೇಳಿಕೆಗೂ ಸಹಿ ಹಾಕಬೇಡಿ.

ವಿಚಾರಣೆಗೆ ಮುಂಚೆ ರಾಜಿ ಮಾಡಿಕೊಳ್ಳಬಹುದು. ಆದರೆ ಕೇಳಬೇಕಾದವರು ನೀವು, ಕಮಿಟಿಯೂ ಅಲ್ಲ, ಮಾಲೀಕರೂ ಅಲ್ಲ. ದುಡ್ಡನ್ನು ರಾಜಿಯ ಆಧಾರ ಮಾಡುವಂತಿಲ್ಲ. ಬರೆದ ಕ್ಷಮಾಪಣೆ, ಅವನ ವರ್ಗಾವಣೆ, ಪಾಳಿ ಬದಲಾವಣೆ, ಇಂಥವು ನಡೆಯುತ್ತವೆ. ಒಪ್ಪಿದ್ದನ್ನು ಅವನು ಪಾಲಿಸದಿದ್ದರೆ ವಿಚಾರಣೆ ಮತ್ತೆ ಶುರುವಾಗುತ್ತದೆ. ಚಿಕ್ಕ ಜಾಗದಲ್ಲಿ ದಿನಾ ಮುಖ ನೋಡಬೇಕಾದವರಿಗೆ ಇದು ಕೆಲವೊಮ್ಮೆ ಒಳ್ಳೆಯ ದಾರಿ. ಮೈಮೇಲೆ ಕೈ ಮಾಡಿದ ಪ್ರಕರಣದಲ್ಲಿ ಮಾತ್ರ ನಾನು ಯಾರಿಗೂ ಇದನ್ನು ಹೇಳುವುದಿಲ್ಲ.

‘ಅವನಿಗೆ ಯಾಕೆ ಇಷ್ಟೆಲ್ಲ ಅವಕಾಶ ಕೊಡಬೇಕು’ ಅಂತ ಸಿಟ್ಟು ಬರುತ್ತದೆ, ಸಹಜ. ಅದಕ್ಕೆ ಗೋವಾದ್ದೇ ಉದಾಹರಣೆ ಇದೆ. ಗೋವಾ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ದೂರು ಬಂತು, ವಿಚಾರಣೆ ನಡೆದು ಆರೋಪಿಯನ್ನು ಕೆಲಸದಿಂದ ತೆಗೆದರು. 2023ರ ಮೇ 12ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಕಾರಣ, ಕಮಿಟಿ ಅವಸರ ಮಾಡಿತ್ತು, ಅವನಿಗೆ ತನ್ನ ಮಾತು ಹೇಳಲು ಸರಿಯಾದ ಅವಕಾಶ ಕೊಟ್ಟಿರಲಿಲ್ಲ. ದೂರು ಕೊಟ್ಟವರು 14 ವರ್ಷ ಕಾದ ಮೇಲೆ ವಿಚಾರಣೆ ಮತ್ತೆ ಹಿಂದಕ್ಕೆ ಹೋಯಿತು. ಹಾಗಾಗಿ ಅವನಿಗೆ ಪ್ರತಿ ಸಿಕ್ಕಿದೆಯಾ, ಪ್ರತಿ ಸಭೆಯಲ್ಲೂ ಅಧ್ಯಕ್ಷೆ ಸೇರಿ ಕನಿಷ್ಠ ಮೂವರು ಇದ್ದರಾ ಅಂತ ನೀವೇ ನೋಡುತ್ತಿರಿ. ಕಮಿಟಿ ತಪ್ಪು ಮಾಡಿದರೆ ಅದರ ಲಾಭ ಅವನಿಗೆ.

ಸುಳ್ಳು ದೂರಿನ ಹೆದರಿಕೆ ಹಾಕುವವರಿದ್ದಾರೆ. ಗೊತ್ತಿದ್ದೂ ಬೇಕೆಂದೇ ಸುಳ್ಳು ದೂರು ಕೊಟ್ಟದ್ದು ಸಾಬೀತಾದರೆ ಕ್ರಮ ಇದೆ, ನಿಜ. ಪುರಾವೆ ಸಾಲಲಿಲ್ಲ ಅನ್ನುವ ಒಂದೇ ಕಾರಣಕ್ಕೆ ದೂರು ಸುಳ್ಳಾಗುವುದಿಲ್ಲ. ಅದೂ ಕಾಯ್ದೆಯಲ್ಲೇ ಇದೆ.

ಹೆಜ್ಜೆ 7: ಕಮಿಟಿಯೇ ಇಲ್ಲ, ಅಥವಾ ಯಾರೂ ಅಲುಗಾಡುತ್ತಿಲ್ಲ

ಇಲ್ಲಿ ಸರ್ಕಾರವನ್ನು ಎಬ್ಬಿಸಬೇಕು. ಕಮಿಟಿ ಮಾಡದ ಮಾಲೀಕನಿಗೆ 50,000 ರೂಪಾಯಿ ತನಕ ದಂಡ. ಎರಡನೇ ಸಲ ಸಿಕ್ಕಿಬಿದ್ದರೆ ಶಿಕ್ಷೆ ಎರಡು ಪಟ್ಟು, ಲೈಸೆನ್ಸ್ ರದ್ದಾಗುವ ಸಾಧ್ಯತೆಯೂ ಉಂಟು. ಜಿಲ್ಲಾ ಅಧಿಕಾರಿಗೆ ಒಂದು ಪುಟದ ಅರ್ಜಿ ಬರೆಯಿರಿ: ಇಂಥ ವಿಳಾಸದಲ್ಲಿ ಇಷ್ಟು ಜನ ಕೆಲಸ ಮಾಡುತ್ತಾರೆ, ಕಮಿಟಿ ಇಲ್ಲ, ನಾನು ಇಂಥ ದಿನ ಕೇಳಿದೆ, ಉತ್ತರ ಬಂದಿಲ್ಲ. ದಾಖಲೆ ತರಿಸಿ ನೋಡುವ, ತಪಾಸಣೆ ಮಾಡಿಸುವ ಅಧಿಕಾರ ಸರ್ಕಾರಕ್ಕೆ 25ನೇ ಕಲಂ ಕೊಟ್ಟಿದೆ. ಅದನ್ನು ಬಳಸಿ ಅಂತ ಕೇಳಿ.

ಗೋವಾದ ಅದೇ ಪ್ರಕರಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. 2024ರ ಡಿಸೆಂಬರ್ 3ರಂದು, ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಎಲ್ಲ ರಾಜ್ಯಗಳಿಗೂ ತಾರೀಖು ಹಾಕಿ ಆದೇಶ ಕೊಟ್ಟಿತು. ಡಿಸೆಂಬರ್ 31ರೊಳಗೆ ಪ್ರತಿ ಜಿಲ್ಲೆಗೂ ಜಿಲ್ಲಾ ಅಧಿಕಾರಿ, 2025ರ ಜನವರಿ 31ರೊಳಗೆ ಸ್ಥಳೀಯ ಕಮಿಟಿ, ತಾಲೂಕುಗಳಿಗೆ ನೋಡಲ್ ಅಧಿಕಾರಿ. ಕಾಯ್ದೆ ಬಂದು 11 ವರ್ಷದ ಮೇಲೆ ಕೋರ್ಟು ಹೀಗೆ ಹೇಳಬೇಕಾಯಿತು, ನೋಡಿ. ಅರ್ಜಿಯಲ್ಲಿ ಈ ಆದೇಶದ ತಾರೀಖು ಬರೆದರೆ ಕಚೇರಿಯವರು ಅದನ್ನು ಬದಿಗೆ ಸರಿಸಲು ಹಿಂದೆ ಮುಂದೆ ನೋಡುತ್ತಾರೆ.

ಕಲೆಕ್ಟರ್ ಕಚೇರಿಯೂ ಸುಮ್ಮನಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಸ್ಥಳೀಯ ಕಮಿಟಿ ಯಾವ ತಾರೀಖಿಗೆ ಆಯಿತು, ಸದಸ್ಯರು ಯಾರು, ಈ ಕಂಪನಿಯ ವಾರ್ಷಿಕ ವರದಿ ಬಂದಿದೆಯಾ ಅಂತ ಕೇಳಿ. ದೂರುಗಳ ಒಳಗಿನ ವಿವರ ಕೇಳಬೇಡಿ, ಅದನ್ನು ಕೊಡುವಂತಿಲ್ಲ. ದೊಡ್ಡ ಕಂಪನಿಯಾದರೆ ಇನ್ನೊಂದು ಕಡೆ ಹುಡುಕಬಹುದು. 2025ರ ಜುಲೈ 14ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ವರ್ಷದಲ್ಲಿ ಎಷ್ಟು ದೂರು ಬಂದವು, ಎಷ್ಟು ಮುಗಿದವು, 90 ದಿನ ದಾಟಿ ಎಷ್ಟು ಉಳಿದಿವೆ ಅಂತ ಕಂಪನಿಯ ಬೋರ್ಡ್ ವರದಿಯಲ್ಲಿ ಬರೆಯಬೇಕು. ದೂರು ಕೊಟ್ಟವರು ನೀವಿದ್ದೂ ಅಲ್ಲಿ ಸೊನ್ನೆ ಅಂತ ಇದ್ದರೆ, ಆ ಪುಟವನ್ನು ಅರ್ಜಿಗೆ ಸೇರಿಸಿ.

ಒಂದು ಪತ್ರಕ್ಕೆ ಎಷ್ಟು ಬಲ ಅಂತ ಅನುಮಾನವಿದ್ದವರಿಗೆ: ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯಲು ಸುಪ್ರೀಂ ಕೋರ್ಟ್ ನಿಯಮ ಹಾಕಿಕೊಟ್ಟ 1997ರ ವಿಶಾಖಾ ತೀರ್ಪು ಪಾಲನೆಯಾಗುತ್ತಿಲ್ಲ ಅಂತ ಪುಣೆಯ ಆಲೋಚನಾ ಸಂಸ್ಥೆಯ ಮೇಧಾ ಕೋತ್ವಾಲ್ ಲೇಲೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದಿದ್ದರು. ಕೋರ್ಟು ಆ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡು, 2012ರಲ್ಲಿ ಎಲ್ಲ ರಾಜ್ಯಗಳಿಗೂ ಆದೇಶ ಕೊಟ್ಟಿತು.

ರಾಜ್ಯ ಮಹಿಳಾ ಆಯೋಗಕ್ಕೂ ಬರೆಯಬಹುದು. ಮಹಾರಾಷ್ಟ್ರದ್ದು ಬಾಂದ್ರಾ ಪೂರ್ವದಲ್ಲಿದೆ, ಗೋವಾದ್ದು ಪಣಜಿಯಲ್ಲಿ. ಆಯೋಗ ಶಿಕ್ಷೆ ಕೊಡುವುದಿಲ್ಲ. ಆದರೆ ಅಲ್ಲಿಂದ ಒಂದು ಪತ್ರ ಬಂದರೆ ಜಿಲ್ಲಾ ಕಚೇರಿಯಲ್ಲಿ ಫೈಲು ಮೇಲೆ ಬರುತ್ತದೆ.

ಹೆಜ್ಜೆ 8: ಪೊಲೀಸ್ ಠಾಣೆ

ಕಮಿಟಿ ಮತ್ತು ಪೊಲೀಸ್, ಎರಡೂ ಒಟ್ಟಿಗೆ ನಡೆಯಬಹುದು. ‘ಮೊದಲು ಕಂಪನಿಯಲ್ಲಿ ಮುಗಿಸಿಕೊಂಡು ಬನ್ನಿ’ ಅಂತ ಠಾಣೆಯಲ್ಲಿ ಹೇಳುವಂತಿಲ್ಲ. ಮೂರು ತಿಂಗಳ ಗಡುವೂ ಇಲ್ಲಿ ಅನ್ವಯಿಸುವುದಿಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 75ನೇ ಕಲಂ ಲೈಂಗಿಕ ಕಿರುಕುಳದ್ದು: ಮುಟ್ಟುವುದು, ಬೇಡಿಕೆ ಇಡುವುದು, ಅಶ್ಲೀಲ ಚಿತ್ರ ತೋರಿಸುವುದಕ್ಕೆ 3 ವರ್ಷ ತನಕ ಜೈಲು, ಅಶ್ಲೀಲ ಮಾತಿಗೆ 1 ವರ್ಷ ತನಕ. ಹಿಂಬಾಲಿಸುವುದು 78ನೇ ಕಲಂ. ಮೈಮೇಲೆ ಬಲಪ್ರಯೋಗ ಮಾಡಿದ್ದರೆ 74ನೇ ಕಲಂ, ಅದರಲ್ಲಿ ಕನಿಷ್ಠ 1 ವರ್ಷ, ಗರಿಷ್ಠ 5 ವರ್ಷ.

ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅದನ್ನೇ ಝೀರೋ ಎಫ್‌ಐಆರ್ ಅನ್ನುವುದು. ಇಂಥ ಪ್ರಕರಣದಲ್ಲಿ ಮಹಿಳಾ ಅಧಿಕಾರಿಯೇ ಹೇಳಿಕೆ ಬರೆದುಕೊಳ್ಳಬೇಕು. ಬರೆದದ್ದನ್ನು ಓದಿ ಹೇಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ಮಹಾರಾಷ್ಟ್ರದಲ್ಲಿ ಅದು ಮರಾಠಿಯಲ್ಲಿರುತ್ತದೆ, ಮರಾಠಿ ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ತೆಗೆದುಕೊಳ್ಳದಿದ್ದರೆ ಪೊಲೀಸ್ ಅಧೀಕ್ಷಕರಿಗೆ, ಮುಂಬೈ ಪುಣೆಯಲ್ಲಾದರೆ ಆ ವಲಯದ ಡಿಸಿಪಿಗೆ, ಪೋಸ್ಟ್‌ನಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು.

ಮನೆಗೆಲಸದವರಿಗೆ ಒಂದು ವಿಶೇಷ ಇದೆ. ಸ್ಥಳೀಯ ಕಮಿಟಿಗೆ ದೂರಿನಲ್ಲಿ ಹುರುಳಿದೆ ಅನ್ನಿಸಿದರೆ, 7 ದಿನದೊಳಗೆ ದೂರನ್ನು ಪೊಲೀಸರಿಗೆ ಕಳಿಸಬೇಕು. ಮನೆಯವರು ‘ಬಂಗಾರ ಕದ್ದಿದ್ದಾಳೆ’ ಅಂತ ಎದುರು ದೂರು ಹಾಕುವ ಮೊದಲೇ ನಿಮ್ಮ ಕಾಗದ ಒಳಗೆ ಹೋಗಿರುವುದು ಒಳ್ಳೆಯದು.

ಹೆಜ್ಜೆ 9: ಜಾತಿ, ಸಂಬಳ, ಹೆರಿಗೆ, ಅಂಗವೈಕಲ್ಯ, ಭಾಷೆ

ಕರ್ನಾಟಕದಿಂದ ಬಂದ ದಲಿತ, ಆದಿವಾಸಿ ಕೆಲಸಗಾರರಿಗೆ ಠಾಣೆಯಲ್ಲಿ ಕೇಳಿಬರುವ ಮಾತು: ‘ನಿಮ್ಮ ಜಾತಿ ಮಹಾರಾಷ್ಟ್ರದ ಪಟ್ಟಿಯಲ್ಲಿಲ್ಲ, ದೌರ್ಜನ್ಯ ಕಾಯ್ದೆ ಹಾಕಲು ಬರುವುದಿಲ್ಲ.’ ಇದಕ್ಕೆ ಉತ್ತರ ಸಿಕ್ಕಿಯಾಗಿದೆ. 2023ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೂರ್ಣ ಪೀಠ, ಒಂದು ರಾಜ್ಯದಲ್ಲಿ ಪರಿಶಿಷ್ಟರಾದವರಿಗೆ ದೇಶದ ಯಾವ ಭಾಗದಲ್ಲಿ ದೌರ್ಜನ್ಯ ಆದರೂ 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇದೆ ಅಂತ ತೀರ್ಪು ಕೊಟ್ಟಿತು. ಗೋವಾ ಕೂಡ ಇದೇ ಹೈಕೋರ್ಟಿನ ವ್ಯಾಪ್ತಿಗೆ ಬರುತ್ತದೆ. ಊರಿನ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರದ ಪ್ರತಿ ಇಟ್ಟುಕೊಂಡೇ ಹೋಗಿ. ನಿಂದನೆಯ ಪ್ರಕರಣದಲ್ಲಿ ಜನರಿಗೆ ಕಾಣುವ, ಕೇಳುವ ಜಾಗದಲ್ಲಿ ನಡೆಯಿತು ಅಂತ ತೋರಿಸಬೇಕು. ಸೈಟಿನಲ್ಲಿ, ಕ್ಯಾಂಟೀನಿನಲ್ಲಿ ಯಾರು ಯಾರು ಇದ್ದರು ಅನ್ನುವುದು ಅದಕ್ಕೇ ಮುಖ್ಯ. ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ, ತನಿಖೆ ಮಾಡುವವರು ಡಿವೈಎಸ್‌ಪಿ ಅಥವಾ ಎಸಿಪಿ ಮಟ್ಟಕ್ಕಿಂತ ಕೆಳಗಿನವರಾಗಿರಬಾರದು.

ಸಂಬಳ, ಹೆರಿಗೆಯ ವಿಷಯ ಕಾರ್ಮಿಕ ಇಲಾಖೆಯದ್ದು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1976ರ ಸಮಾನ ವೇತನ ಕಾಯ್ದೆ, 1961ರ ಹೆರಿಗೆ ಸೌಲಭ್ಯ ಕಾಯ್ದೆ ಅವುಗಳೊಳಗೆ ಸೇರಿವೆ. ಒಂದೇ ಕೆಲಸಕ್ಕೆ ಹೆಣ್ಣಿಗೊಂದು ಗಂಡಿಗೊಂದು ಸಂಬಳ ಕೊಡುವಂತಿಲ್ಲ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದವರಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ, ಆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ನೇಮಕ, ತರಬೇತಿ, ವರ್ಗಾವಣೆ, ಬಡ್ತಿಯಲ್ಲೂ ಹೆಂಗಸರಿಗೆ ತಾರತಮ್ಯ ಮಾಡಬಾರದು ಅನ್ನುತ್ತದೆ. ರಾತ್ರಿ 9:30ರ ಮೇಲೆ ಕೆಲಸ ಮಾಡಿಸಲು ಅವರ ಒಪ್ಪಿಗೆ ಬೇಕು, ಸುರಕ್ಷತೆಯ ಏರ್ಪಾಡೂ ಬೇಕು. ಮುಂಬೈಯಲ್ಲಿ ಕಾರ್ಮಿಕ ಆಯುಕ್ತರ ಕಚೇರಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಕಾಮಗಾರ್ ಭವನದಲ್ಲಿದೆ, ಗೋವಾದಲ್ಲಿ ಪಣಜಿಯ ಪಾಟ್ಟೋದ ಶ್ರಮ ಶಕ್ತಿ ಭವನದಲ್ಲಿ.

ಅಂಗವಿಕಲರಿಗೆ 2016ರ ಕಾಯ್ದೆ ಇದೆ. ಮಹಾರಾಷ್ಟ್ರದ ಅಂಗವಿಕಲರ ಆಯುಕ್ತರ ಕಚೇರಿ ಪುಣೆಯಲ್ಲಿದೆ, ದೂರನ್ನು ಅಲ್ಲಿಗೇ ಕಳಿಸಬಹುದು.

ಇನ್ನು ಭಾಷೆ. ‘ಕನ್ನಡದವನು, ಹೊರಗಿನವನು’ ಅಂತ ಬಡ್ತಿ ತಪ್ಪಿಸಿದರೆ? ಸರ್ಕಾರಿ ನೌಕರಿಯಲ್ಲಾದರೆ ಹುಟ್ಟಿದ ಊರಿನ ಕಾರಣಕ್ಕೆ ತಾರತಮ್ಯ ಮಾಡಬಾರದು ಅಂತ ಸಂವಿಧಾನದ 16ನೇ ವಿಧಿ ಇದೆ, ಹೈಕೋರ್ಟಿಗೆ ಹೋಗಬಹುದು. ಖಾಸಗಿ ಕಂಪನಿಯ ವಿರುದ್ಧ ಇದಕ್ಕೆಂದೇ ಹಿಡಿದು ನಿಲ್ಲಲು ಒಂದು ಕಾನೂನಿಲ್ಲ. ಬೆದರಿಕೆ, ಹೊಡೆತ, ತಡೆದ ಸಂಬಳ, ಇವು ಜೊತೆಗಿದ್ದರೆ ಅವುಗಳ ಮೇಲೆ ದೂರು ಕೊಡಿ. ಭಾಷೆಯ ಮಾತನ್ನು ಅದರೊಳಗೆ ವಿವರವಾಗಿ ಬರೆಯಿರಿ.

ಹೆಜ್ಜೆ 10: ತೀರ್ಮಾನ ಒಪ್ಪಿಗೆಯಾಗದಿದ್ದರೆ

ಕಮಿಟಿಯ ವರದಿಯ ಪ್ರತಿ ನಿಮಗೂ ಸಿಗಬೇಕು. ಅದು ಸರಿಯಿಲ್ಲ ಅನ್ನಿಸಿದರೆ, ಅಥವಾ ಮಾಲೀಕರು ಕ್ರಮ ಕೈಗೊಳ್ಳದಿದ್ದರೆ, 90 ದಿನದೊಳಗೆ ಮೇಲ್ಮನವಿ. ಸರ್ಕಾರಿ ನೌಕರರು ತಮ್ಮ ಸೇವಾ ನಿಯಮದಲ್ಲಿ ಹೇಳಿದ ಕೋರ್ಟು ಅಥವಾ ಟ್ರಿಬ್ಯೂನಲ್‌ಗೆ, ಖಾಸಗಿಯವರು ಕಾರ್ಮಿಕ ಕಾನೂನಿನಡಿ ಸರ್ಕಾರ ಗೊತ್ತು ಮಾಡಿದ ಮೇಲ್ಮನವಿ ಅಧಿಕಾರಿಗೆ. ಇಲ್ಲಿಗೆ ಬಂದ ಮೇಲೆ ವಕೀಲರು ಬೇಕು. ದುಡ್ಡಿಲ್ಲ ಅಂತ ಬಿಡಬೇಡಿ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಕಾರ್ಖಾನೆ ಕಾರ್ಮಿಕರು, ಅಂಗವಿಕಲರು, ಇವರಿಗೆಲ್ಲ ಪುಕ್ಕಟೆ ವಕೀಲರು ಸಿಗುತ್ತಾರೆ. ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ಫೋನ್ ನಂಬರ್ 15100. ಮಹಿಳಾ ಸಹಾಯವಾಣಿ 181, ತುರ್ತಾಗಿ ಪೊಲೀಸರು ಬೇಕಾದರೆ 112. ಹೋಗುವಾಗ ಪೋಚ್ ಇರುವ ಪ್ರತಿ, ಕಮಿಟಿಯ ವರದಿ, ಆಧಾರ್ ಕಾರ್ಡ್, ಇವುಗಳ ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿ. ಮೂಲ ಪ್ರತಿಯನ್ನು ಯಾರ ಕೈಗೂ ಕೊಟ್ಟು ಬರಬೇಡಿ.